‘ಕಂಪನಿ ಪಾರ್ಟೇ ಆಗಬೇಕು’ ಎಂಬ ಮೂಢನಂಬಿಕೆ

ಬೈಕಿನ ಫ್ಯೂಯೆಲ್ ಪಂಪ್ ಕೆಟ್ಟರೆ ಏನು ಮಾಡಬೇಕೆಂದು ನಂಜನಗೂಡಿನಲ್ಲಿ ಕೇಳಿ, ತಿ.ನರಸೀಪುರದಲ್ಲಿ ಕೇಳಿ, ಹೆಮ್ಮಿಗೆಯ ಟೀ ಅಂಗಡಿ ಮುಂದೆ ನಿಂತವರನ್ನು ಕೇಳಿ. ಉತ್ತರ ಒಂದೇ: ‘ಷೋರೂಮ್‌ಗೆ ತಗೊಂಡೋಗಿ ಕಂಪನಿ ಪಂಪೇ ಹಾಕ್ಸಿ. ಹೊರಗಿನ ಮಾಲು ಹಾಕ್ಸುದ್ರೆ ಗಾಡಿ ಹಾಳಾಯ್ತದೆ.’ ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಪಂಪನ್ನು ಕಣ್ಣಾರೆ ಕಂಡವರಲ್ಲ. ಅದು ಎಷ್ಟು ಒತ್ತಡ ಕೊಡಬೇಕೆಂದು ತಿಳಿದವರೂ ಅಲ್ಲ. ಆದರೆ ಮಾತಿನಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಓದಿದವರು ಹೇಳುತ್ತಾರೆ, ಓದದವರು ಹೇಳುತ್ತಾರೆ, ಗ್ಯಾರೇಜು ಇಟ್ಟುಕೊಂಡವರೂ ಗಿರಾಕಿಯ ಜೊತೆ ವಾದ ಬೇಡವೆಂದು ತಲೆಯಾಡಿಸುತ್ತಾರೆ.

ಪರೀಕ್ಷಿಸದೆ ನಂಬಿದ್ದನ್ನು, ನಂಬಿ ನಷ್ಟಪಟ್ಟ ಮೇಲೂ ಬಿಡದ್ದನ್ನು ಮೂಢನಂಬಿಕೆ ಎನ್ನದೆ ಇನ್ನೇನೆನ್ನಬೇಕು? ಈ ಮೂಢನಂಬಿಕೆಯಿಂದ ಲಾಭವಾಗುತ್ತಿರುವುದು ಬೈಕ್ ಮಾರುವವರಿಗೆ. ದುಡ್ಡು ಕಟ್ಟುತ್ತಿರುವುದು ಡೇರಿಗೆ ಹಾಲು ಹಾಕಿ ಬದುಕುವವರು, ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ರಾತ್ರಿ ಪಾಳಿಗೆ ಹೋಗುವವರು, ಕಬ್ಬಿನ ಗದ್ದೆಗೆ ಗೊಬ್ಬರದ ಮೂಟೆ ಹೊತ್ತೊಯ್ಯುವವರು.

ಈ ಸಂಕಟ ಹಳೆಯದಲ್ಲ. 2020ರ ಏಪ್ರಿಲ್ 1ರಂದು ಬಿಎಸ್-6 ಎಂಬ ಹೊಗೆ ನಿಯಂತ್ರಣದ ನಿಯಮ ದೇಶಾದ್ಯಂತ ಜಾರಿಗೆ ಬರುವವರೆಗೆ ಹಳ್ಳಿಯ ದಿನಬಳಕೆಯ ಬೈಕುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯೆಲ್ ಪಂಪೇ ಇರಲಿಲ್ಲ. ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ. ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಕಸ ಕಟ್ಟಿಕೊಂಡರೆ ಜೆಟ್ ಬಿಚ್ಚಿ ಊದಿದರೆ ಮುಗಿಯಿತು. ಬಿಎಸ್-6 ಬಂದ ಮೇಲೆ ಬಹುಪಾಲು ಬೈಕುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಇಂಜೆಕ್ಟರ್ ಬಂತು, ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಬಂತು. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಅದರ ಜೊತೆಯಲ್ಲೇ ರಿಪೇರಿಯ ಕೀಲಿಕೈ ಹಳ್ಳಿಯ ಗ್ಯಾರೇಜಿನಿಂದ ಷೋರೂಮಿನ ಕೌಂಟರಿಗೆ ಹೋಯಿತು. ಹೋದದ್ದು ತಂತ್ರಜ್ಞಾನ ಕಷ್ಟವಾಯಿತೆಂದಲ್ಲ. ‘ಇದು ನಿಮ್ಮಂಥವರು ಮುಟ್ಟುವ ಸಾಮಾನಲ್ಲ’ ಎಂದು ನಮ್ಮನ್ನು ನಂಬಿಸಿದ್ದರಿಂದ.

ಅಂಥ ನಿಗೂಢ ವಸ್ತುವೇ ಅದು? ಕೀ ತಿರುಗಿಸಿದಾಗ ಎರಡು ಮೂರು ಸೆಕೆಂಡು ಟ್ಯಾಂಕಿನೊಳಗಿಂದ ‘ಜುಂಯ್’ ಎಂದು ಕೇಳಿಸುತ್ತದಲ್ಲ, ಅದೇ ಪಂಪ್. ಬೆರಳುದ್ದದ ಡಿಸಿ ಮೋಟಾರು, ಅದರ ತುದಿಯಲ್ಲಿ ತಿರುಗುವ ಇಂಪೆಲ್ಲರ್, ಕೆಳಗೆ ಕಸ ತಡೆಯುವ ಜಾಲರಿ, ಪಕ್ಕದಲ್ಲಿ ಪ್ರೆಷರ್ ರೆಗ್ಯುಲೇಟರ್, ಪೆಟ್ರೋಲಿನ ಮಟ್ಟ ತೋರಿಸುವ ತೇಲುಗುಂಡು. ಇವೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತು ಟ್ಯಾಂಕಿನ ತಳದಲ್ಲಿ ಮುಳುಗಿರುತ್ತವೆ. ಅದರ ಕೆಲಸ ಒಂದೇ: ಇಂಜೆಕ್ಟರಿಗೆ ಏರುಪೇರಿಲ್ಲದೆ ಒಂದೇ ಒತ್ತಡದಲ್ಲಿ ಪೆಟ್ರೋಲು ಮುಟ್ಟಿಸುವುದು. ಬಹುಪಾಲು ಬೈಕುಗಳಲ್ಲಿ ಈ ಒತ್ತಡ ಸುಮಾರು 3 ಬಾರ್, ಟೈರಿನ ಗಾಳಿಯ ಲೆಕ್ಕದಲ್ಲಿ 43 ಪಿಎಸ್‌ಐ ಆಸುಪಾಸು. ಒತ್ತಡ ಕಡಿಮೆಯಾದರೆ ಎಳೆತ ಬಿಡುತ್ತದೆ, ಹೆಚ್ಚಾದರೆ ಪೆಟ್ರೋಲು ಪೋಲಾಗುತ್ತದೆ. ಒತ್ತಡ, ನಿಮಿಷಕ್ಕೆ ಹರಿಯುವ ಪೆಟ್ರೋಲು, ಎಳೆಯುವ ಕರೆಂಟು, ಪೆಟ್ರೋಲಿಗೂ ಎಥೆನಾಲಿಗೂ ತಡೆಯುವ ರಬ್ಬರು ಮತ್ತು ಪ್ಲಾಸ್ಟಿಕ್ಕು: ಪಂಪಿನ ಯೋಗ್ಯತೆ ಎಂದರೆ ಈ ನಾಲ್ಕು. ಮೊದಲ ಮೂರನ್ನು ಗೇಜಿನಲ್ಲಿ, ಮೀಟರಿನಲ್ಲಿ ಅಳೆಯಬಹುದು. ನಾಲ್ಕನೆಯದನ್ನು ತಯಾರಕ ಬರೆದುಕೊಡಬಹುದು. ಡಬ್ಬದ ಮೇಲಿನ ಬೈಕ್ ಕಂಪನಿಯ ಹೆಸರು ಈ ನಾಲ್ಕರಲ್ಲಿ ಎಲ್ಲಿ ಬರುತ್ತದೆ?

ಆ ಹೆಸರನ್ನೇ ಮೊದಲು ವಿಚಾರಿಸೋಣ. ‘ಕಂಪನಿ ಪಂಪ್’ ಎಂದು ನಾವು ಹೇಳುವ ಪಂಪನ್ನು ಸಾಮಾನ್ಯವಾಗಿ ಬೈಕ್ ಕಂಪನಿ ತಯಾರಿಸುವುದೇ ಇಲ್ಲ. ಜಗತ್ತಿನಾದ್ಯಂತ ಈ ಕೆಲಸ ಬಾಷ್, ಡೆನ್ಸೊ, ಮಿಕುನಿಯಂಥ ಬಿಡಿಭಾಗ ತಯಾರಕರದು. ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲಿ, ಕಡಕೊಳದ ಹತ್ತಿರ, ಟಿವಿಎಸ್ ಕಾರ್ಖಾನೆ ಇದೆ. ಬೈಕ್ ಕಾರ್ಖಾನೆ ಎಂದರೆ ಹತ್ತಾರು ಕಡೆಯಿಂದ ಬಂದ ಭಾಗಗಳನ್ನು ಜೋಡಿಸುವ ಜಾಗವೂ ಹೌದೆಂಬುದು ಇಂಥ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮೂರ ಹುಡುಗರಿಗೆ ಗೊತ್ತು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೊ, ಇಂದಿನ ಬಾಷ್, ಎಷ್ಟೋ ಕಂಪನಿಗಳ ಡೀಸೆಲ್ ಎಂಜಿನ್ನುಗಳಿಗೆ ಪಂಪು ನಾಜಲ್ಲು ಮಾಡಿಕೊಟ್ಟಿತು. ನಮ್ಮ ರೈತರು ಟ್ರ್ಯಾಕ್ಟರಿಗೆ ಮೈಕೊ ಪಂಪ್ ಎಂದು ಕೇಳಿ ಹಾಕಿಸಿದರೇ ಹೊರತು, ಟ್ರ್ಯಾಕ್ಟರ್ ಕಂಪನಿಯ ಸೀಲು ಇಲ್ಲವೆಂದು ಹಿಂದೆ ಸರಿಯಲಿಲ್ಲ. ಟ್ರ್ಯಾಕ್ಟರಿನ ವಿಷಯದಲ್ಲಿ ಇದ್ದ ಬುದ್ಧಿ ಬೈಕಿನ ವಿಷಯದಲ್ಲಿ ಎಲ್ಲಿ ಹೋಯಿತು?

‘ಒರಿಜಿನಲ್ ಆದರೆ ಕೆಡುವುದಿಲ್ಲ’ ಎನ್ನುವುದು ಎರಡನೆಯ ಸುಳ್ಳು. ದಾಖಲೆ ನೋಡಿ. ಹೋಂಡಾ ಕಾರ್ಸ್ ಇಂಡಿಯಾ 2020ರ ಜೂನ್‌ನಲ್ಲಿ 65,651 ಕಾರುಗಳನ್ನು ಫ್ಯೂಯೆಲ್ ಪಂಪ್ ದೋಷಕ್ಕಾಗಿ ವಾಪಸು ಕರೆಸಿತು. 2021ರ ಏಪ್ರಿಲ್‌ನಲ್ಲಿ ಮತ್ತೆ 77,954 ಕಾರುಗಳನ್ನು, 2024ರ ಅಕ್ಟೋಬರ್‌ನಲ್ಲಿ ಇನ್ನೂ 90,468 ಕಾರುಗಳನ್ನು. ದೋಷವಿದ್ದದ್ದು ಇಂಪೆಲ್ಲರಿನಲ್ಲಿ, ಪಂಪ್ ನಿಂತರೆ ಓಡುವ ಎಂಜಿನ್ನೇ ನಿಲ್ಲುವ ಅಪಾಯವಿತ್ತು. ಡೆನ್ಸೊ ಪಂಪುಗಳ ಇದೇ ಬಗೆಯ ದೋಷಕ್ಕೆ ಜಗತ್ತಿನಾದ್ಯಂತ ಲಕ್ಷ ಲಕ್ಷ ವಾಹನಗಳು ವಾಪಸಾದವು. ಇವೆಲ್ಲ ಕಾರ್ಖಾನೆಯಲ್ಲೇ ಕೂರಿಸಿದ ಅಪ್ಪಟ ಒರಿಜಿನಲ್ ಪಂಪುಗಳು. 2024ರ ಪಟ್ಟಿಯಲ್ಲಿ ಅದೇ ಪಂಪನ್ನು ಬಿಡಿಭಾಗವಾಗಿ ಹಾಕಿಸಿಕೊಂಡಿದ್ದ ಹಳೆಯ ಕಾರುಗಳೂ ಸೇರಿದ್ದವು. ಕಂಪನಿ ಪಾರ್ಟೇ ಬೇಕೆಂದು ಹಠ ಹಿಡಿದು ಹಾಕಿಸಿದವರಿಗೆ ಆ ಹೆಸರು ಯಾವ ರಕ್ಷಣೆ ಕೊಟ್ಟಿತು? ತಪ್ಪು ಯಾವ ಕಾರ್ಖಾನೆಯಲ್ಲಾದರೂ ಆಗುತ್ತದೆ. ಅದಕ್ಕಾಗಿಯೇ ಪರೀಕ್ಷೆ ಬೇಕು ಎನ್ನುತ್ತಿದ್ದೇನೆ, ಭಕ್ತಿಯಲ್ಲ.

ಮೂರನೆಯ ಸಂಗತಿ ಎಲ್ಲಕ್ಕಿಂತ ಗಂಭೀರ. ಕೆಟ್ಟಿರುವುದು ಮೋಟಾರು ಮಾತ್ರ, ಕೆಲವೊಮ್ಮೆ ಬರೀ ಜಾಲರಿ ಕಟ್ಟಿಕೊಂಡಿರುತ್ತದೆ. ಷೋರೂಮ್ ಬರೆಯುವ ಎಸ್ಟಿಮೇಟಿನಲ್ಲಿ ಇರುವುದು ಮಾತ್ರ ‘ಫ್ಯೂಯೆಲ್ ಪಂಪ್ ಅಸೆಂಬ್ಲಿ’. ಚೆನ್ನಾಗಿರುವ ರೆಗ್ಯುಲೇಟರ್, ತೇಲುಗುಂಡು, ಚೌಕಟ್ಟು ಎಲ್ಲವನ್ನೂ ಎಸೆದು ಸಾವಿರಾರು ರೂಪಾಯಿ ಕೊಟ್ಟು ಇಡೀ ಗಂಟು ಕೊಳ್ಳಬೇಕು. ನನ್ನ ಬೈಕಿಗೂ ಒಂದು ಷೋರೂಮಿನಲ್ಲಿ ಹೀಗೆಯೇ ಆಯಿತು. ಮೋಟಾರು ಮಾತ್ರ ಕೊಡಿ ಎಂದೆ. ‘ಬಿಡಿಯಾಗಿ ಬರಲ್ಲ ಸಾರ್’ ಎಂದರು. ಒತ್ತಡ ಪರೀಕ್ಷೆ ಮಾಡಿದಿರಾ ಎಂದೆ. ‘ಪಂಪ್ ಹೋಗಿದೆ ಸಾರ್’ ಎಂಬ ಮಾತನ್ನೇ ಮತ್ತೆ ಹೇಳಿದರು. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ನಾವು ರಿವೈಂಡಿಂಗ್ ಮಾಡಿಸುತ್ತೇವೆ. ಪೈಪು, ಕೇಬಲ್ಲು, ಸ್ಟಾರ್ಟರನ್ನೂ ಸೇರಿಸಿ ಹೊಸದು ಕೊಂಡರೆ ಮಾತ್ರ ಮೋಟಾರು ಕೊಡುತ್ತೇನೆ ಎನ್ನುವ ಅಂಗಡಿಯವನನ್ನು ಯಾವ ರೈತ ಸುಮ್ಮನೆ ಬಿಡುತ್ತಾನೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ನಿರ್ಬಂಧಿತ ವ್ಯಾಪಾರ ಪದ್ಧತಿ’ಯನ್ನು ವಿವರಿಸುತ್ತದೆ. ಒಂದು ಸರಕು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದು ಅದರೊಳಗೆ ಬರುತ್ತದೆ. ಮೋಟಾರು ಬೇಕಾದವನಿಗೆ ಅಸೆಂಬ್ಲಿಯನ್ನೇ ಹೇರುವುದು ಆ ಮಾತಿನ ಆಶಯಕ್ಕೆ ನೇರ ವಿರುದ್ಧ ಎಂಬುದು ನನ್ನ ವಾದ. ಈ ಹೇರಿಕೆ ಹೊರಗಿನ ಮಾರುಕಟ್ಟೆಗೆ ಬೇಕಿಲ್ಲ. ಅಲ್ಲಿ ಮೋಟಾರು ಬೇರೆ, ಜಾಲರಿ ಬೇರೆ, ಸೋರದಂತೆ ತಡೆಯುವ ರಬ್ಬರಿನ ಓ-ರಿಂಗ್ ಬೇರೆ ಸಿಗುತ್ತದೆ. ಕೆಟ್ಟದ್ದಕ್ಕೆ ಮಾತ್ರ ದುಡ್ಡು ಕೊಡುವ ಹಕ್ಕನ್ನು ಬಡವನಿಗೆ ಉಳಿಸಿಕೊಟ್ಟಿರುವುದು ನಾವು ಹೀಗಳೆಯುವ ಆ ‘ಲೋಕಲ್’ ಅಂಗಡಿಯೇ.

ಹೀಗೆಂದ ಕೂಡಲೇ ವಾರಂಟಿಯ ಗುಮ್ಮ ಬರುತ್ತದೆ. ‘ಹೊರಗೆ ಮುಟ್ಟಿಸಿದರೆ ವಾರಂಟಿ ಹೋಗುತ್ತೆ.’ ಈ ಬೆದರಿಕೆಯ ಬಗ್ಗೆ ನಮ್ಮ ದೇಶದ ಭಾರತೀಯ ಸ್ಪರ್ಧಾ ಆಯೋಗವೇ 2014ರ ಆಗಸ್ಟ್ 25ರಂದು ಮಾತಾಡಿದೆ. ಒಬ್ಬ ಗ್ರಾಹಕರ ದೂರಿನಿಂದ ಶುರುವಾದ ಪ್ರಕರಣ ಅದು. ಬಿಡಿಭಾಗಗಳನ್ನೂ ಪರೀಕ್ಷಾ ಸಲಕರಣೆಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡದ್ದಕ್ಕಾಗಿ ಆಯೋಗ 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವಂತಿಲ್ಲ ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು, ದಂಡದ ಮೊತ್ತದ ಮೇಲೆ ವ್ಯಾಜ್ಯ ನಡೆಯಿತು. ಆ ಆದೇಶದ ತರ್ಕ ಮಾತ್ರ ನಮ್ಮ ಮುಂದಿದೆ. ಅದು ಕಾರಿನವರಿಗೆ ಸಂಬಂಧಿಸಿದ್ದು, ನಿಜ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವನಿಗೆ ಸಲ್ಲುವ ನ್ಯಾಯ ಸಾಲ ಮಾಡಿ ಬೈಕು ಕೊಂಡವನಿಗೆ ಸಲ್ಲಬಾರದೇ?

ಬೈಕಿನದೇ ಉದಾಹರಣೆ ಬೇಕೆನ್ನುವವರು ಅಮೆರಿಕದ ಕಡೆ ನೋಡಲಿ. ವಾರಂಟಿ ಉಳಿಯಬೇಕಾದರೆ ನಮ್ಮ ಹೆಸರಿನ ಪಾರ್ಟೇ ಹಾಕಿಸಬೇಕೆಂದು ಷರತ್ತು ಹಾಕುವುದನ್ನು ಅಲ್ಲಿನ ಕಾನೂನು 1975ರಿಂದಲೇ ತಡೆದಿದೆ. ಹಾರ್ಲೆ-ಡೇವಿಡ್‌ಸನ್ ಆ ಷರತ್ತು ಹಾಕಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2022ರ ಜೂನ್‌ನಲ್ಲಿ ಕ್ರಮ ಕೈಗೊಂಡು, ವಾರಂಟಿ ಪತ್ರವನ್ನೇ ತಿದ್ದಿಸಿತು. ಅಂಥ ಹೆಸರುವಾಸಿ ಕಂಪನಿಗೇ ಹಾಕಲಾಗದ ಷರತ್ತನ್ನು ನಮ್ಮ ತಾಲ್ಲೂಕಿನ ಕೌಂಟರುಗಳಲ್ಲಿ ಬಾಯಿಮಾತಿನಲ್ಲಿ ಹಾಕುತ್ತಾರೆ, ನಾವು ತಲೆಬಾಗಿಸಿ ಬರುತ್ತೇವೆ. ಇನ್ನು ವಾರಂಟಿ ಮುಗಿದು ವರ್ಷಗಳಾದ ಬೈಕಿಗೂ ಇದೇ ಭಯ ತೋರಿಸುತ್ತಾರೆ. ಇಲ್ಲದ ವಾರಂಟಿ ಹೋಗುವುದಾದರೂ ಹೇಗೆ?

ಇನ್ನು ಎಥೆನಾಲ್ ವಿಷಯ. 20% ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಕಬ್ಬಿನಿಂದ ಎಥೆನಾಲ್ ಬರುತ್ತದೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ನಮ್ಮ ಕಡೆಯ ರೈತನಿಗೆ ಅದು ಸಂತೋಷದ ಸಂಗತಿಯೇ. ಆದರೆ ಎಥೆನಾಲ್ ನೀರನ್ನು ಹೀರುತ್ತದೆ, ತಕ್ಕುದಲ್ಲದ ರಬ್ಬರನ್ನು ಉಬ್ಬಿಸುತ್ತದೆ, ಲೋಹಕ್ಕೆ ತುಕ್ಕು ತರುತ್ತದೆ. ಇ20ಗೆ ತಡೆಯುವ ಭಾಗಗಳು ಹೊಸ ವಾಹನಗಳಲ್ಲಿ ಇರಬೇಕೆಂಬ ನಿಯಮ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ವಿನ್ಯಾಸವಾದ ಬೈಕಿಗೆ, ಅದೇ ಹಳೆಯ ವಿನ್ಯಾಸದ ‘ಒರಿಜಿನಲ್’ ಪಂಪನ್ನು ಗೋದಾಮಿನಿಂದ ತೆಗೆದು ಹಾಕಿಸಿಕೊಂಡರೆ ನೀವು ಹಾಕಿಸಿಕೊಂಡದ್ದು ಇಂದಿನ ಪೆಟ್ರೋಲಿಗೆ ತಕ್ಕ ಪಂಪ್ ಎಂದು ಯಾರು ಹೇಳುತ್ತಾರೆ? ಇ20ಗೆಂದೇ ತಯಾರಿಸಿ, ಹಾಗೆಂದು ಬರೆದು ಮಾರುವ ಹೊರಗಿನ ಪಂಪ್ ಅಂಥ ಒರಿಜಿನಲ್ಲಿಗಿಂತ ಮೇಲು. ಆದ್ದರಿಂದ ಕೌಂಟರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಕಂಪನಿಯದಾ?’ ಎಂದಲ್ಲ, ‘ಇದು ಇ20ಗೆ ತಡೆಯುತ್ತಾ?’ ಎಂದು.

‘ಮಾರುಕಟ್ಟೆ ತುಂಬ ಡೂಪ್ಲಿಕೇಟ್ ಇದೆಯಲ್ಲ’ ಎನ್ನುತ್ತಾರೆ. ಇದೆ. ಆದರೆ ಡೂಪ್ಲಿಕೇಟ್ ಎಂದರೆ ಕಂಪನಿಯ ಹೆಸರನ್ನು ಕದ್ದು ಡಬ್ಬಕ್ಕೆ ಅಂಟಿಸಿದ ಮಾಲು. ಟ್ರೇಡ್ ಮಾರ್ಕ್ ಕಾಯ್ದೆಯ ಪ್ರಕಾರ ಅದು ಅಪರಾಧ. ತನ್ನದೇ ಹೆಸರು ಹಾಕಿ, ಬಿಲ್ಲು ಕೊಟ್ಟು, ಗ್ಯಾರಂಟಿ ಬರೆದುಕೊಟ್ಟು ಮಾರುವ ಬೇರೆ ತಯಾರಕನ ಮಾಲು ಡೂಪ್ಲಿಕೇಟ್ ಅಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ ಕಳ್ಳನೂ ಪ್ರಾಮಾಣಿಕನೂ ಒಂದೇ ಆದರು. ಇನ್ನೂ ಯೋಚಿಸಿ: ಕಳ್ಳ ಯಾರ ಹೆಸರನ್ನು ಕದಿಯುತ್ತಾನೆ? ಜನ ಕಣ್ಣುಮುಚ್ಚಿ ನಂಬುವ ಹೆಸರನ್ನು. ‘ಕಂಪನಿ ಪಾರ್ಟೇ’ ಎಂಬ ಜಪ ಹೆಚ್ಚಿದಷ್ಟೂ ನಕಲಿಯವನ ಫಸಲು ಹೆಚ್ಚುತ್ತದೆ. ಡಬ್ಬ ನೋಡುವವನನ್ನು ಮೋಸ ಮಾಡುವುದು ಸುಲಭ. ಗೇಜು ನೋಡುವವನನ್ನು ಮೋಸ ಮಾಡುವುದು ಕಷ್ಟ.

‘ಪೆಟ್ರೋಲಿನ ವಿಷಯ, ಬೆಂಕಿ ಬಿದ್ದರೆ?’ ಎಂಬುದು ಕೊನೆಯ ಅಸ್ತ್ರ. ಬೆಂಕಿಯ ಭಯ ನನಗೂ ಇದೆ. ಆದರೆ ಬೆಂಕಿ ಹೊತ್ತಿಕೊಳ್ಳುವುದು ಸೋರಿಕೆಯಿಂದ. ಉಬ್ಬಿದ ಹಳೆಯ ಓ-ರಿಂಗನ್ನೇ ಮತ್ತೆ ತುರುಕಿದರೆ, ಬೋಲ್ಟುಗಳನ್ನು ಒಂದೇ ಪಕ್ಕದಿಂದ ಬಿಗಿದರೆ, ಪೆಟ್ರೋಲಿನೊಳಗೆ ಮುಳುಗಿರಲು ತಕ್ಕುದಲ್ಲದ ಪೈಪ್ ಹಾಕಿದರೆ ಒರಿಜಿನಲ್ ಪಂಪೂ ಸೋರುತ್ತದೆ. ಕೈ ಪಳಗಿದ ಮೆಕ್ಯಾನಿಕ್ ಈ ಕೆಲಸವನ್ನು ಹೇಗೆ ಮಾಡುತ್ತಾನೆಂದು ತಿ.ನರಸೀಪುರದ ರಸ್ತೆ ಬದಿಯ ಗ್ಯಾರೇಜಿನಲ್ಲಿ ನಿಂತು ನೋಡಿದ್ದೇನೆ. ಮೊದಲು ಫ್ಯೂಸು, ರಿಲೇ, ಕನೆಕ್ಟರ್ ನೋಡಿದ. ಬ್ಯಾಟರಿಯ ವೋಲ್ಟೇಜು ಪಂಪಿನ ವೈರಿನವರೆಗೆ ಬರುತ್ತಿದೆಯೇ ಎಂದು ಮೀಟರು ಹಿಡಿದ. ಆಮೇಲೆ ಬ್ಯಾಟರಿಯ ವೈರು ಕಳಚಿ, ಪೆಟ್ರೋಲನ್ನು ಕ್ಯಾನಿಗೆ ಬಸಿದು, ಟ್ಯಾಂಕನ್ನು ಗೋಣಿಚೀಲದ ಮೇಲೆ ಮಗುಚಿದ. ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ, ತೇಲುಗುಂಡಿನ ಕಡ್ಡಿ ಬಾಗದಂತೆ ಓರೆ ಮಾಡಿ ಅಸೆಂಬ್ಲಿಯನ್ನು ಹೊರಗೆಳೆದ. ಜಾಲರಿ ಕಪ್ಪಾಗಿ ಕಟ್ಟಿಕೊಂಡಿತ್ತು. ಓ-ರಿಂಗ್ ಉಬ್ಬಿ ತನ್ನ ಜಾಗದಲ್ಲೇ ಕೂರದಷ್ಟು ದೊಡ್ಡದಾಗಿತ್ತು. ಅದನ್ನು ಪಕ್ಕಕ್ಕೆಸೆದು ಹೊಸದು ತೆಗೆದ. ಮೋಟಾರು ಮಾತ್ರ ಬದಲಾಯಿಸಿ, ಎಲ್ಲ ಜೋಡಿಸಿ, ಗೇಜು ಸಿಕ್ಕಿಸಿ ಕೀ ತಿರುಗಿಸಿದ. ಮುಳ್ಳು 3ರ ಹತ್ತಿರ ಏರಿ ನಿಂತಿತು. ಕೀ ಆಫ್ ಮಾಡಿದ ಮೇಲೂ ಥಟ್ಟನೆ ಬೀಳಲಿಲ್ಲ. ಟ್ಯಾಂಕಿನ ಅಂಚಿಗೆ ಒಣ ಬಟ್ಟೆ ಒತ್ತಿ ತೇವವಿದೆಯೇ ನೋಡಿ, ಆಮೇಲೆ ಸೀಟು ಹಾಕಿದ. ಅಲ್ಲಿ ಹಾಕಿದ್ದು ಹೊರಗಿನ ಮೋಟಾರು. ಅಳೆದು ನೋಡದೆ ಅಸೆಂಬ್ಲಿ ಕೂರಿಸಿ ಕಳಿಸುವ ಕಡೆಗಿಂತ ಇಲ್ಲಿ ಆ ಬೈಕು ಹೆಚ್ಚು ಸುರಕ್ಷಿತವಾಗಿ ಹೊರಟಿತು.

ಪಂಪನ್ನು ನಿಜವಾಗಿ ಕೊಲ್ಲುವುದು ಏನೆಂಬ ಮಾತನ್ನು ‘ಕಂಪನಿ ಪಾರ್ಟ್’ ಜಪ ಪೂರ್ತಿ ಮುಚ್ಚಿಹಾಕಿದೆ. ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದ. ಸದಾ ರಿಸರ್ವಿನಲ್ಲೇ ಓಡಿಸಿದರೆ ಅದು ಕಾಯುತ್ತದೆ, ತಳದ ಕಸವನ್ನೂ ಎಳೆದುಕೊಳ್ಳುತ್ತದೆ. ಬಂಕು ದೂರವಿರುವ ಊರುಗಳಲ್ಲಿ ಪೆಟ್ಟಿಗೆ ಅಂಗಡಿಯ ಬಾಟ್ಲಿ ಪೆಟ್ರೋಲೇ ಗತಿ. ಅದರಲ್ಲಿ ನೀರೆಷ್ಟು, ಧೂಳೆಷ್ಟು ಎಂದು ಯಾರೂ ನೋಡುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕಿಗೆ ನೀರಿಳಿದರೆ ಒಳಗೆ ತುಕ್ಕು ಹಿಡಿಯುತ್ತದೆ. ಇದನ್ನೆಲ್ಲ ಸರಿಪಡಿಸದೆ ಎಷ್ಟು ದುಬಾರಿ ಪಂಪ್ ಹಾಕಿದರೂ ಅದು ಮತ್ತೆ ಕೆಡುತ್ತದೆ. ಆಗ ಮತ್ತೊಂದು ಅಸೆಂಬ್ಲಿ ಮಾರಲು ಕೌಂಟರು ತೆರೆದೇ ಇರುತ್ತದೆ.

ಮೈಸೂರು ಸೀಮೆಯವರಾದ ನಮಗೆ ಈ ಅಂಜಿಕೆ ಎಲ್ಲಿಂದ ಬಂತು? 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಶುರುವಾಯಿತು. ಜಾವಾ, ಅದರ ಹಿಂದೆ ಯೆಜ್ದಿ ಈ ಜಿಲ್ಲೆಯ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದಿನಿಂದ ‘ಕಂಪನಿ ಪಾರ್ಟ್’ ಕೊಡಲು ಕಂಪನಿಯೇ ಇರಲಿಲ್ಲ. ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ನಡುವಿನ ಎರಡು ದಶಕ ಆ ಬೈಕುಗಳನ್ನು ಓಡಿಸಿದವರು ಯಾರು? ಪಿಸ್ಟನ್ನು, ರಿಂಗು, ಕೇಬಲ್ಲುಗಳನ್ನು ತಮ್ಮ ಲೇತಿನಲ್ಲಿ, ತಮ್ಮ ಅಚ್ಚಿನಲ್ಲಿ ಮಾಡಿಕೊಟ್ಟ ಸಣ್ಣ ತಯಾರಕರು; ಅವನ್ನು ಅಳೆದು, ತಿದ್ದಿ, ಕೂರಿಸಿದ ಮೆಕ್ಯಾನಿಕ್‌ಗಳು. ಇಂದಿಗೂ ಪ್ರತಿ ಜುಲೈನಲ್ಲಿ ಜಾವಾ ದಿನಾಚರಣೆಗೆ ಆ ಹಳೆಯ ಗಾಡಿಗಳು ಹೊಗೆಯುಗುಳುತ್ತಾ ಸಾಲಾಗಿ ಬರುತ್ತವೆ. ಹೊರಗಿನ ಪಾರ್ಟು ಹಾಕಿದರೆ ಗಾಡಿ ಹಾಳಾಗುತ್ತದೆ ಎಂಬುದು ನಿಜವಾಗಿದ್ದರೆ ಅವುಗಳಲ್ಲಿ ಒಂದಾದರೂ ಉಳಿಯುತ್ತಿತ್ತೇ? ಇಡೀ ಬೈಕನ್ನೇ ಬದುಕಿಸಿಟ್ಟ ಜನ ನಾವು. ಬೆರಳುದ್ದದ ಮೋಟಾರೊಂದನ್ನು ಬದಲಿಸಲು ಇವತ್ತು ಕೈಕಟ್ಟಿ ನಿಲ್ಲುವುದು ನಮಗೆ ತಕ್ಕುದಲ್ಲ.

ಆದ್ದರಿಂದ ಬದಲಾಗಬೇಕಾದ್ದು ಸ್ಪಷ್ಟವಾಗಿದೆ. ಬೈಕ್ ಕಂಪನಿಗಳು ಮೋಟಾರು, ಜಾಲರಿ, ರೆಗ್ಯುಲೇಟರ್, ಓ-ರಿಂಗ್‌ಗಳನ್ನು ಬಿಡಿಬಿಡಿಯಾಗಿ, ಬೆಲೆ ಫಲಕದಲ್ಲಿ ಬರೆದು ಮಾರಲಿ. ಪಂಪಿನ ಒತ್ತಡ ಎಷ್ಟಿರಬೇಕೆಂದು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಕನ್ನಡದಲ್ಲಿ ಅಚ್ಚು ಹಾಕಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಪೋರ್ಟಲ್ ಆರಂಭಿಸಿ, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಪೋರ್ಟಲಿನಿಂದ ಹೊಟ್ಟೆ ತುಂಬುವುದಿಲ್ಲ. ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಬರಲಿ, ಅದರಲ್ಲಿ ದ್ವಿಚಕ್ರ ವಾಹನದ ಹೆಸರು ಮೊದಲ ಸಾಲಿನಲ್ಲಿರಲಿ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದು ಮಾಡಿದ ಸರ್ಕಾರ, ಯಾರೇ ತಯಾರಿಸಲಿ, ಪ್ರತಿ ಫ್ಯೂಯೆಲ್ ಪಂಪಿನ ಮೇಲೂ ಒತ್ತಡ, ಹರಿವು, ಇ20 ಸಾಮರ್ಥ್ಯ ನಮೂದಿಸುವುದನ್ನು ಕಡ್ಡಾಯ ಮಾಡಲಿ. ನಮ್ಮ ಐಟಿಐಗಳಲ್ಲಿ ಇಂಜೆಕ್ಷನ್ ರಿಪೇರಿಯನ್ನು ಗೇಜು ಕೈಗೆ ಕೊಟ್ಟು ಕಲಿಸಲಿ.

ಮೆಕ್ಯಾನಿಕ್ ಅಣ್ಣಂದಿರೇ, ನಿಮ್ಮ ಮೇಲೂ ಹೊಣೆ ಇದೆ. ಗೇಜು ಕೊಳ್ಳಿ. ಅಳೆಯದೆ ಪಂಪ್ ಹೋಗಿದೆ ಎನ್ನಬೇಡಿ. ಹಾಕಿದ ಪಾರ್ಟಿನ ತಯಾರಕನ ಹೆಸರು ಬರೆದು ಬಿಲ್ಲು ಕೊಡಿ, ತೆಗೆದ ಪಾರ್ಟನ್ನು ಗಿರಾಕಿಯ ಕೈಗಿಡಿ. ಹೆಸರಿಲ್ಲದ ಮಾಲನ್ನು ನಿಮ್ಮ ಅಂಗಡಿಗೆ ಸೇರಿಸಬೇಡಿ; ನಿಮ್ಮಲ್ಲಿ ಒಬ್ಬ ಮಾಡುವ ಮೋಸವೇ ಎಲ್ಲರ ವಿದ್ಯೆಗೆ ಮಸಿ ಬಳಿಯುತ್ತದೆ.

ಗಾಡಿ ಓಡಿಸುವ ನಾವು ಇನ್ನು ಸುಮ್ಮನೆ ತಲೆಯಾಡಿಸುವುದನ್ನು ಬಿಡೋಣ. ಎಸ್ಟಿಮೇಟು ಕೈಗೆ ಬಂದ ಕೂಡಲೇ ಕೇಳೋಣ: ಒತ್ತಡ ಅಳೆದಿರಾ? ಎಷ್ಟು ಬಂತು? ಕೆಟ್ಟಿರುವುದು ಯಾವ ಭಾಗ? ಅದೊಂದನ್ನೇ ಕೊಡುತ್ತೀರಾ? ವಾರಂಟಿ ಹೋಗುತ್ತದೆ ಎಂದರೆ ಅದನ್ನು ಕಂಪನಿಯ ಸೀಲು ಹಾಕಿ ಬರೆದುಕೊಡುತ್ತೀರಾ? ಉತ್ತರ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡೋಣ, ಅದಕ್ಕೂ ಬಗ್ಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತೋಣ. ಹದಿನಾಲ್ಕು ಕಾರು ಕಂಪನಿಗಳನ್ನು ಕಟಕಟೆಗೆ ಎಳೆದದ್ದು ಒಬ್ಬ ಗ್ರಾಹಕರ ದೂರು. ಅಂಥ ದೂರು ಬೈಕಿನವರಿಂದ, ನಮ್ಮ ತಾಲ್ಲೂಕುಗಳಿಂದ ಯಾಕೆ ಹೋಗಬಾರದು? ದುಡ್ಡು ನಮ್ಮದು, ಗಾಡಿ ನಮ್ಮದು. ಅದಕ್ಕೆ ಯಾವ ಪಾರ್ಟು ಹಾಕಬೇಕೆಂದು ಪರೀಕ್ಷಿಸಿ ತೀರ್ಮಾನಿಸುವ ಹಕ್ಕೂ ನಮ್ಮದೇ. ಆ ಹಕ್ಕನ್ನು ಯಾರ ಕೌಂಟರಿನಲ್ಲೂ ಒತ್ತೆ ಇಡಬೇಡಿ.